ಕೊಟ್ಟಿಗೆ ಪಾರಿವಾಳ ಹಿಡಿದು ಪಾಯಿಂಟರ್ ನಾಯಿಗೆ ತರಬೇತಿ: ಬೋನು, ಗೂಡು, ಆರೈಕೆ ಬಗ್ಗೆ ಕೇಳಬೇಕಿತ್ತು

ವಿಚಿಟಾ ಬಸು

ಎಲ್ಲರಿಗೂ ನಮಸ್ಕಾರ. ಮೂಲ ಧಾರವಾಡ, ಈಗ ಕನ್ಸಾಸ್‌ನ ವಿಚಿಟಾ ಹತ್ತಿರ ಇದ್ದೇನೆ. ನಮ್ಮ ಮನೆಗೆ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ (ಹಕ್ಕಿಯ ವಾಸನೆ ಹಿಡಿದು ನಿಂತು ತೋರಿಸುವ ಬೇಟೆ ನಾಯಿ) ಮರಿ ಬಂದಿದೆ. ಹೆಣ್ಣು, ಐದು ತಿಂಗಳು. ಬೇಟೆ ಸುರಕ್ಷತೆ ಕೋರ್ಸ್ ಮುಗಿಸಿದ್ದೇನೆ, ಲೈಸೆನ್ಸ್ ಇದೆ. ನವೆಂಬರ್‌ನಲ್ಲಿ ಫೆಸೆಂಟ್ ಹಕ್ಕಿ ಬೇಟೆಯ ಸೀಸನ್ ಶುರುವಾದಾಗ ಗೆಳೆಯರ ಜೊತೆ ಹೋಗಬೇಕು ಅಂತ ಆಸೆ.

ಮರಿಗೆ ಕಲಿಸಲು ಪಾರಿವಾಳ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಗೊತ್ತಿರುವ ರೈತರೊಬ್ಬರ ಹಾಲಿನ ಡೈರಿಯಲ್ಲಿ ಪಾರಿವಾಳಗಳ ಕಾಟ ಜಾಸ್ತಿ. ಹಸುಗಳ ಮೇವಿನ ಮೇಲೆಲ್ಲ ಹಿಕ್ಕೆ. 'ಎಷ್ಟು ಬೇಕೋ ಹಿಡಿದುಕೊಂಡು ಹೋಗಪ್ಪ' ಅಂದಿದ್ದಾರೆ.

ಹಿಡಿಯುವುದು ಇಲ್ಲಿ ಕಾನೂನಿಗೆ ಸರಿಯೇ? ಬೋನು ಹೇಗಿರಬೇಕು? ಹಿಡಿದ ಮೇಲೆ ಎಲ್ಲಿ ಇಡೋದು? ಮನೆಯಲ್ಲಿ ಚಿಕ್ಕ ಮಗು ಇದೆ. ಹಕ್ಕಿಯಿಂದ ರೋಗ ಬರುತ್ತದೆ ಅಂತ ನನ್ನ ಹೆಂಡತಿಗೆ ಭಯ. ಇಲ್ಲಿ ಇದನ್ನು ಮಾಡಿದ ಕನ್ನಡದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಹುಲ್ಲುಗಾವಲು

ಬಸು ಅವರೇ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಅಯೋವಾದಲ್ಲಿದ್ದೇನೆ. ಬಹಳ ವರ್ಷಗಳಿಂದ ಪಾಯಿಂಟರ್‌ಗಳನ್ನು ಸಾಕುತ್ತಿದ್ದೇನೆ, ಪಾರಿವಾಳದ ಗೂಡೂ ಇದೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಕಾನೂನು. ಕೊಟ್ಟಿಗೆ, ಸೇತುವೆ, ಧಾನ್ಯ ತುಂಬಿಡುವ ಗೋಪುರದ (ಎಲಿವೇಟರ್) ಮೇಲೆ ಕೂರುವ ಪಾರಿವಾಳ ಅಮೆರಿಕದ ಹಕ್ಕಿ ಅಲ್ಲ. ಯುರೋಪಿನವರು 1600ರ ದಶಕದ ಶುರುವಿನಲ್ಲಿ ಸಾಕಲು ತಂದಿದ್ದು. ತಪ್ಪಿಸಿಕೊಂಡವು ಖಂಡದ ತುಂಬ ಹಬ್ಬಿದವು. 1918ರ ವಲಸೆ ಹಕ್ಕಿ ಕಾಯ್ದೆ ಇದಕ್ಕೆ ರಕ್ಷಣೆ ಕೊಡುವುದಿಲ್ಲ. ಹೊರಗಿನಿಂದ ತಂದ ಜಾತಿಗಳು ಈ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2004ರಲ್ಲಿ ಸ್ಪಷ್ಟ ಮಾಡಿದರು. ಆದರೆ ಇದು ಫೆಡರಲ್ ಮಾತು. ರಾಜ್ಯದ ನಿಯಮ ಬೇರೆ ಇರಬಹುದು, ಊರಿನ ನಿಯಮ ಇನ್ನೂ ಬೇರೆ. ಎಷ್ಟೋ ಊರುಗಳಲ್ಲಿ ಹಿತ್ತಲಲ್ಲಿ ಹಕ್ಕಿ ಸಾಕಲು ಅನುಮತಿ ಬೇಕು. ಬೋನು ಕಟ್ಟುವ ಮೊದಲೇ ರಾಜ್ಯದ ವನ್ಯಜೀವಿ ಇಲಾಖೆಗೆ, ಆಮೇಲೆ ನಿಮ್ಮ ಊರಿನ ಕಚೇರಿಗೆ ಒಂದು ಫೋನ್ ಮಾಡಿ.

ಇದಕ್ಕಿಂತ ದೊಡ್ಡ ವಿಷಯ ಹಕ್ಕಿಯ ಗುರುತು. ಕೊಟ್ಟಿಗೆ ಅಂಗಳಕ್ಕೆ ಮೌರ್ನಿಂಗ್ ಡವ್ ಕೂಡ ಬರುತ್ತದೆ. ಸಣ್ಣ ಮೈ, ಕಂದು ಬಣ್ಣ, ಉದ್ದನೆ ಚೂಪು ಬಾಲ. ಅದು ಇಲ್ಲಿನ ಹಕ್ಕಿ, ಅದಕ್ಕೆ ಕಾಯ್ದೆಯ ರಕ್ಷಣೆ ಇದೆ. ಬೋನಿಗೆ ಬಿದ್ದರೆ ತಕ್ಷಣ ಬಿಡಬೇಕು. ಇನ್ನೊಂದು, ಕಾಲಲ್ಲಿ ಉಂಗುರ ಇರುವ ಪಾರಿವಾಳ. ಅದು ಯಾರೋ ಸಾಕಿದ ರೇಸಿನ ಹಕ್ಕಿ. ದಾರಿ ತಪ್ಪಿಯೋ ಸುಸ್ತಾಗಿಯೋ ಕೊಟ್ಟಿಗೆಯ ಗುಂಪಿಗೆ ಸೇರಿರುತ್ತದೆ. ಉಂಗುರದ ಮೇಲೆ ಸಂಸ್ಥೆಯ ಅಕ್ಷರ, ಹುಟ್ಟಿದ ವರ್ಷ, ಕ್ಲಬ್ಬಿನ ಗುರುತು, ನಂಬರ್ ಎಲ್ಲ ಇರುತ್ತದೆ. ನೀರು ಕಾಳು ಕೊಟ್ಟು, ನಂಬರ್ ಬರೆದುಕೊಂಡು, ಒಡೆಯನಿಗೆ ತಿಳಿಸಿ. ಅಂಥ ಹಕ್ಕಿಯನ್ನು ಇಟ್ಟುಕೊಳ್ಳುವುದು ಕಳ್ಳತನ.

ರೈತರ ಜೊತೆ ಒಂದು ಮಾತು ಕೇಳಿಕೊಳ್ಳಿ: ಪಾರಿವಾಳಕ್ಕೆ ಯಾವಾಗಲಾದರೂ ವಿಷ ಹಾಕಿದ್ದೀರಾ ಅಂತ. ಹಾಕಿದ್ದರೆ ಆ ಜಾಗ ಬಿಟ್ಟುಬಿಡಿ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್, ಕನ್ಸಾಸ್ ಡೈರಿಗಳ ಹಸುಗಳಲ್ಲೇ ಹಕ್ಕಿ ಜ್ವರ ಕಾಣಿಸಿತ್ತು, ನಿಮಗೆ ಗೊತ್ತೇ ಇರುತ್ತದೆ. ಹಾಗಾಗಿ ಡೈರಿಯವರು ಹೊರಗಿನ ಬೂಟು ಒಳಗೆ ಬರುವುದಕ್ಕೇ ಹೆದರುತ್ತಾರೆ. ಅಲ್ಲಿಗೆ ಅಂತ ಬೇರೆ ಬೂಟು ಇಟ್ಟುಕೊಳ್ಳಿ, ಹೋಗುವಾಗ ಬರುವಾಗ ಎರಡು ಸಲವೂ ತೊಳೆಯಿರಿ. ನಾಯಿಯನ್ನು ಡೈರಿಯೊಳಗೆ ಕರೆದುಕೊಂಡು ಹೋಗಲೇಬೇಡಿ.

ಬೋನಿನ ಬಗ್ಗೆ ರಾತ್ರಿ ಬರೆಯುತ್ತೇನೆ.

ದಾವಣಗೆರೆ ಮಂಜು

ಚಿಕ್ಕವರಿದ್ದಾಗ ನಾವು ಬುಟ್ಟಿ ಬೋರಲು ಹಾಕಿ, ಕಡ್ಡಿ ನಿಲ್ಲಿಸಿ, ದಾರ ಎಳೆದು ಹಿಡಿಯುತ್ತಿದ್ದೆವು. ಅದೇ ಸಾಲದೇ? ಇಲ್ಲಾಂದ್ರೆ ಉರುಲು ಹಾಕಬಹುದಲ್ವಾ?

ಹುಲ್ಲುಗಾವಲು

ಮಂಜು, ಉರುಲು ಬೇಡವೇ ಬೇಡ. ಕಾಲು ಮುರಿಯುತ್ತದೆ, ಚರ್ಮ ಸುಲಿಯುತ್ತದೆ. ಆ ಹಕ್ಕಿ ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ, ಸುಮ್ನೆ ನರಳುತ್ತದೆ. ಅಂಟು ಕೂಡ ಬೇಡ. ಬುಟ್ಟಿಯಲ್ಲಿ ಒಂದೋ ಎರಡೋ ಸಿಗುತ್ತವೆ. ಉಳಿದ ಗುಂಪು ಅದನ್ನು ನೋಡಿ ಹಾರಿ ಹೋದರೆ ಮತ್ತೆ ಆ ಜಾಗಕ್ಕೆ ಇಳಿಯಲು ಹಿಂದೆ ಮುಂದೆ ನೋಡುತ್ತದೆ.

ಇಲ್ಲಿ ಬಳಸುವುದು ಬಾಬ್ ಬೋನು. ತಂತಿ ಜಾಲರಿಯ ಪೆಟ್ಟಿಗೆ, ಸುಮಾರು ಮೂರು ಅಡಿ ಉದ್ದ, ಎರಡು ಅಡಿ ಅಗಲ. ಎತ್ತರ ಒಂದಡಿ ದಾಟಬಾರದು. ಜಾಸ್ತಿ ಎತ್ತರ ಇದ್ದರೆ ಹಕ್ಕಿ ಒಳಗೆ ರೆಕ್ಕೆ ಬಡಿದು ಹಾರಲು ನೋಡಿ ತಲೆ ಒಡೆದುಕೊಳ್ಳುತ್ತದೆ. ಒಂದು ಬದಿಯಲ್ಲಿ ಬಾಗಿಲು. ಆ ಬಾಗಿಲಿಗೆ ಮಣಿ ಪರದೆಯ ಹಾಗೆ ಅಲ್ಯೂಮಿನಿಯಂ ಕಡ್ಡಿಗಳನ್ನು ಮೇಲಿನಿಂದ ಸಾಲಾಗಿ ತೂಗುಬಿಡುತ್ತಾರೆ. ಇವನ್ನೇ ಬಾಬ್ ಅನ್ನುತ್ತಾರೆ. ಕೆಳಗಿನ ತುದಿ ಹೊಸ್ತಿಲ ಪಟ್ಟಿಯ ಒಳಬದಿಗೆ ತಾಗಿ ನಿಂತಿರಬೇಕು. ಹಕ್ಕಿ ಎದೆಯಿಂದ ದೂಡಿದರೆ ಕಡ್ಡಿ ಒಳಕ್ಕೆ ಸರಿಯುತ್ತದೆ. ಹಕ್ಕಿ ಒಳಗೆ ಬಂದ ಕೂಡಲೇ ಕಡ್ಡಿ ತಾನಾಗಿ ಇಳಿದು ಪಟ್ಟಿಗೆ ಒರಗುತ್ತದೆ, ಹೊರಕ್ಕೆ ಸರಿಯುವುದಿಲ್ಲ. ಸ್ಪ್ರಿಂಗ್ ಇಲ್ಲ, ಬಿಗಿಯುವ ದಾರ ಇಲ್ಲ, ಹಕ್ಕಿಗೆ ಒಂದು ಗರಿಯೂ ಕೀಳುವುದಿಲ್ಲ. ಕಡ್ಡಿ ಹಗುರ ಇರಬೇಕು, ಭಾರ ಇದ್ದರೆ ದೂಡಲು ಹೆದರುತ್ತವೆ.

ಬೋನು ಕೊಂಡುಕೊಂಡ ದಿನವೇ ಹಕ್ಕಿ ಸಿಗಬೇಕು ಅಂತ ಕೂತರೆ ಕೆಲಸ ಕೆಡುತ್ತದೆ. ಮೊದಲು ಅವು ಕೂರುವ ಜಾಗ, ತಿನ್ನುವ ಜಾಗ, ನೀರು ಕುಡಿಯುವ ಜಾಗ ನೋಡಿಕೊಳ್ಳಿ. ತಿನ್ನುವ ಜಾಗದಲ್ಲಿ ಬೋನು ಇಡಿ. ಕಡ್ಡಿಗಳನ್ನೆಲ್ಲ ಮೇಲೆತ್ತಿ ತಂತಿಯಿಂದ ಕಟ್ಟಿಬಿಡಿ, ಬಾಗಿಲು ಪೂರ್ತಿ ತೆರೆದಿರಲಿ. ಹೊರಗೆ ಸ್ವಲ್ಪ, ಹೊಸ್ತಿಲ ಮೇಲೆ ಸ್ವಲ್ಪ, ಒಳಗೆ ಜಾಸ್ತಿ ಕಾಳು ಚೆಲ್ಲಿ. ಒಂದು ವಾರ, ಕೆಲವು ಕಡೆ ಎರಡು ವಾರ, ಅವು ಒಳಗೆ ಹೋಗಿ ತಿಂದು ಹೊರಗೆ ಬರಲಿ. ಹೊಸದಾಗಿ ಬಂದವು ಹಳೆಯವನ್ನು ನೋಡಿ ಒಳಗೆ ನುಗ್ಗಲು ಶುರುಮಾಡಿದ ಮೇಲೆ ಒಂದು ಬೆಳಗ್ಗೆ ಕಡ್ಡಿ ಇಳಿಸಿ.

ಮೆಕ್ಕೆಜೋಳ ಇಡಿಯಾಗಿ ಹಾಕಿ, ಒಡೆದದ್ದು ಬೇಡ. ಒಡೆದ ಕಾಳಿಗೆ ಗುಬ್ಬಿ, ಸಣ್ಣ ಹಕ್ಕಿಗಳು ಮುತ್ತುತ್ತವೆ. ನಿಮ್ಮ ಕಡೆ ಬಿಳಿಜೋಳದ ಬೆಳೆಯೂ ಇದೆ ಅಲ್ವಾ, ಅಲ್ಲಿ ಮೈಲೋ ಅನ್ನುತ್ತಾರೆ. ಅಮೆರಿಕದಲ್ಲಿ ಈ ಬಿಳಿಜೋಳ ಅತಿ ಹೆಚ್ಚು ಬೆಳೆಯುವ ರಾಜ್ಯ ಕನ್ಸಾಸೇ. ಧಾರವಾಡದವರಿಗೆ ಆ ಹೊಲ ನೋಡಿದರೆ ಹೊಟ್ಟೆ ತುಂಬುತ್ತದೆ. ಪಾರಿವಾಳಕ್ಕೂ ಅದು ಇಷ್ಟ. ಆದರೆ ಸುಗ್ಗಿ ಸಮಯದಲ್ಲಿ ಎಲ್ಲ ಕಡೆ ಕಾಳು ಚೆಲ್ಲಿರುತ್ತದೆ, ಆಗ ನಿಮ್ಮ ಬೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಿಮ ಬಿದ್ದು ಹೊಲ ಮುಚ್ಚಿದಾಗ ಬೇಗ ಬರುತ್ತವೆ.

ಮೊದಲ ಸಲ ಸಿಕ್ಕ ಹಕ್ಕಿಗಳಲ್ಲಿ ಎರಡನ್ನು ಒಳಗೇ ಬಿಡಿ. ಅವು ನೆಮ್ಮದಿಯಿಂದ ತಿನ್ನುವುದನ್ನು ನೋಡಿದರೆ ಉಳಿದವು ತಾವೇ ಇಳಿಯುತ್ತವೆ. ಆ ಎರಡಕ್ಕೂ ನೀರು ಬೇಕು, ಕಾಳು ಬೇಕು, ನೆರಳು ಬೇಕು. ಬೋನನ್ನು ದಿನಕ್ಕೆ ಎರಡು ಸಲ ನೋಡಲೇಬೇಕು. ನೋಡಲು ಆಗದ ದಿನ ಕಡ್ಡಿ ಮೇಲೆ ಕಟ್ಟಿ, ಬಾಗಿಲು ತೆರೆದಿಡಿ. ಬಿಸಿಲಲ್ಲಿ ತಂತಿ ಪೆಟ್ಟಿಗೆ ಕೆಲವೇ ಗಂಟೆಗಳಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ. ರಾತ್ರಿ ಬಿಟ್ಟರೆ ರಕೂನ್ ಅನ್ನುವ ಕಾಡುಪ್ರಾಣಿ ಬಂದು ಜಾಲರಿಯ ಸಂದಿಯಿಂದ ಕೈ ಹಾಕಿ ಹಿಡಿದು ಎಳೆಯುತ್ತದೆ. ಅದನ್ನು ಕಣ್ಣಾರೆ ನೋಡಿದವರು ಬೋನು ತುಂಬಿ ಮಲಗಲು ಹೋಗುವುದಿಲ್ಲ.

ಲಿಂಕನ್ ಗೌಡ

ನೆಬ್ರಾಸ್ಕಾದಿಂದ. ನಾವು ಬೋನು ಇಡುವುದೇ ಕಡಿಮೆ, ರಾತ್ರಿ ಹಿಡಿಯುತ್ತೇವೆ. ಕತ್ತಲಲ್ಲಿ ಪಾರಿವಾಳ ಹಾರಲು ಹೆದರುತ್ತದೆ. ಹಣೆಗೆ ಲೈಟ್ ಕಟ್ಟಿಕೊಂಡು, ಉದ್ದ ಹಿಡಿಯ ಮೀನಿನ ಬಲೆ ಹಿಡಿದು, ಸದ್ದಿಲ್ಲದೆ ತೊಲೆಯ ಕೆಳಗೆ ಹೋದರೆ ಸಾಕು. ಒಬ್ಬ ಬೆಳಕು ಬಿಡಬೇಕು, ಇನ್ನೊಬ್ಬ ಬಲೆ ಹಾಕಬೇಕು. ಒಂದು ರಾತ್ರಿಗೆ ಬೇಕಾದಷ್ಟು ಸಿಗುತ್ತವೆ.

ಹುಷಾರಾಗಿರಬೇಕಾದ್ದು ಏಣಿ. ಹಳೆ ಕೊಟ್ಟಿಗೆ ಅಟ್ಟದ ಹಲಗೆ ಲಡ್ಡಾಗಿರುತ್ತವೆ, ಒಬ್ಬರೇ ಹತ್ತಬೇಡಿ. ಆಮೇಲೆ ಗೂಡಿನಲ್ಲಿ ಮರಿ ಇರುವ ಜೋಡಿಯನ್ನು ಹಿಡಿಯಬೇಡಿ. ತಂದೆ ತಾಯಿ ಎರಡೂ ಸೇರಿ ಮರಿ ಸಾಕುವ ಹಕ್ಕಿ ಇದು. ಇಬ್ಬರನ್ನೂ ತೆಗೆದರೆ ಮರಿ ಹಸಿವಿನಿಂದ ಸಾಯುತ್ತದೆ.

ಹಕ್ಕಿನೋಟ ಮೈಸೂರು

ಇಷ್ಟೆಲ್ಲ ಓದಿದೆ. ಮನಸ್ಸಿಗೆ ಹಿತ ಆಗಲಿಲ್ಲ, ಹೇಳಲೇಬೇಕು. ಸ್ವತಂತ್ರವಾಗಿ ಹಾರುತ್ತಿದ್ದ ಹಕ್ಕಿಯನ್ನು ಹಿಡಿದು, ಪೆಟ್ಟಿಗೆಯಲ್ಲಿಟ್ಟು, ನಾಯಿಯ ಮೂಗಿನ ಮುಂದೆ ಹಾರಿಸುವುದು. ಆ ಹಕ್ಕಿಗೆ ಎಷ್ಟು ಭಯ ಆಗುತ್ತದೆ? ಕಾನೂನು ರಕ್ಷಣೆ ಕೊಡಲಿಲ್ಲ ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದೇ? ಹಕ್ಕಿಯ ವಾಸನೆ ಹಚ್ಚಿದ ಬೊಂಬೆ ಸಿಗುತ್ತದಂತೆ, ಅದರಲ್ಲೇ ಕಲಿಸಬಾರದೇ?

ಹುಲ್ಲುಗಾವಲು

ಮೇಡಂ, ನೀವು ಕೇಳಿದ್ದು ಈ ಹವ್ಯಾಸದ ಒಳಗಿರುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನನಗೆ ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ.

ಬೊಂಬೆಯಿಂದ ನಾಯಿ ತರುವುದನ್ನು ಕಲಿಯುತ್ತದೆ. ಲ್ಯಾಬ್ರಡಾರ್‌ಗೆ ಅದು ಬಹುಪಾಲು ಸಾಕಾಗುತ್ತದೆ. ಪಾಯಿಂಟರ್ ಕಲಿಯಬೇಕಾದ್ದು ಬೇರೆ. ವಾಸನೆ ಸಿಕ್ಕ ಕೂಡಲೇ ಅಲ್ಲೇ ಕಲ್ಲಾಗಿ ನಿಲ್ಲಬೇಕು. ಒಂದು ಹೆಜ್ಜೆ ಮುಂದಿಟ್ಟರೆ ಹಕ್ಕಿ ಹಾರಿಹೋಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು. ಬೊಂಬೆ ಹಾರುವುದಿಲ್ಲ, ಆ ಪಾಠ ಹಕ್ಕಿಯೇ ಹೇಳಿಕೊಡಬೇಕು.

ತರಬೇತಿ ಇಲ್ಲದ ನಾಯಿ ಜೊತೆ ಬೇಟೆಗೆ ಹೋದಾಗ ಏನಾಗುತ್ತದೆ ಅಂತಲೂ ನೋಡಬೇಕು. ಹಕ್ಕಿ ದೂರದಲ್ಲೇ ಎದ್ದುಬಿಡುತ್ತದೆ. ಜನ ದೂರದಿಂದಲೇ ಗುಂಡು ಹಾರಿಸುತ್ತಾರೆ. ಗಾಯಗೊಂಡ ಫೆಸೆಂಟ್ ಹುಲ್ಲಿನೊಳಗೆ ಓಡಿ ಎಲ್ಲೋ ಸಾಯುತ್ತದೆ. ಚೆನ್ನಾಗಿ ಕಲಿತ ನಾಯಿ ಅಂಥ ಹಕ್ಕಿಯನ್ನು ಹುಡುಕಿ ತರುತ್ತದೆ. ಬೇಟೆಯೇ ತಪ್ಪು ಅಂತ ನೀವು ನಂಬುವುದಾದರೆ ಇದು ನಿಮಗೆ ಉತ್ತರ ಆಗುವುದಿಲ್ಲ, ಅದು ನನಗೂ ಗೊತ್ತು.

ಹಕ್ಕಿಗೆ ಭಯ ಆಗುತ್ತದೆ, ನಿಜ. ಆ ಭಯ ಕೆಲವು ಕ್ಷಣಕ್ಕೆ ಮುಗಿಯಬೇಕು, ಗಾಯ ಆಗಬಾರದು, ಹಾರಿದ ಹಕ್ಕಿ ಗೂಡು ಸೇರಬೇಕು. ರೆಕ್ಕೆ ಕಟ್ಟಿ ಮರಿನಾಯಿಗಳ ಮಧ್ಯೆ ಎಸೆಯುವವರಿದ್ದಾರೆ. ಗರಿ ಕಿತ್ತು ಹಾರದ ಹಾಗೆ ಮಾಡುವವರಿದ್ದಾರೆ. ಅದನ್ನು ನಾನು ಮಾಡುವುದಿಲ್ಲ, ಮಾಡುವವರ ಜೊತೆ ತರಬೇತಿಗೂ ಹೋಗುವುದಿಲ್ಲ. ಅದು ಕ್ರೂರ ಅನ್ನುವುದು ಒಂದು. ನಾಯಿ ಕಲಿಯುವುದೂ ತಪ್ಪೇ: ನುಗ್ಗಿದರೆ ಸಿಗುತ್ತದೆ ಅಂತ ಕಲಿಯುತ್ತದೆ.

ಹಕ್ಕಿನೋಟ ಮೈಸೂರು

ಉತ್ತರಕ್ಕೆ ಧನ್ಯವಾದ. ನನ್ನ ಅಭಿಪ್ರಾಯ ಬದಲಾಗಿಲ್ಲ. ಹಿಡಿಯುವ ಹಕ್ಕಿಗಳಿಗೆ ಸಾಯುವವರೆಗೂ ನೀವೇ ಹೊಣೆ ಅನ್ನುವ ಮಾತನ್ನಾದರೂ ಬಸು ಅವರು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಪಶುವೈದ್ಯೆ

ಬಸು ಅವರ ಮನೆಯವರ ಭಯಕ್ಕೆ ಕಾರಣ ಇದೆ. ಆದರೆ ಅದನ್ನು ನಿಭಾಯಿಸಬಹುದು.

ಜನರಿಗೆ ತೊಂದರೆ ಬರುವುದು ಹೆಚ್ಚಾಗಿ ಒಣಗಿದ ಹಿಕ್ಕೆಯ ದೂಳಿನಿಂದ. ಹಿಸ್ಟೊಪ್ಲಾಸ್ಮಾ, ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರಗಳು ಹಕ್ಕಿ ಹಿಕ್ಕೆ ಬಿದ್ದ ಜಾಗದಲ್ಲಿ ಬೆಳೆಯುತ್ತವೆ. ಹಿಸ್ಟೊಪ್ಲಾಸ್ಮಾ ಅಮೆರಿಕದ ಮಧ್ಯಭಾಗದಲ್ಲಿ, ಓಹಾಯೊ ಮತ್ತು ಮಿಸಿಸಿಪ್ಪಿ ಕಣಿವೆಗಳ ಕಡೆ ಜಾಸ್ತಿ. ಸಿಟಾಕೋಸಿಸ್ ಅನ್ನುವ ಬ್ಯಾಕ್ಟೀರಿಯಾ ರೋಗವೂ ಹಕ್ಕಿಯಿಂದ ಬರಬಹುದು. ವರ್ಷಗಟ್ಟಲೆ ಆ ದೂಳನ್ನು ಉಸಿರಾಡಿದ ಕೆಲವರಿಗೆ ಶ್ವಾಸಕೋಶದಲ್ಲಿ ಅಲರ್ಜಿಯ ಊತ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯಿರಿ. ಎನ್95 ಮಾಸ್ಕ್ ಹಾಕಿಕೊಳ್ಳಿ. ಗೂಡಿನ ಬಟ್ಟೆ, ಬೂಟು ಮನೆಯೊಳಗೆ ಬರಬಾರದು. ಗೂಡು ಮನೆಯ ಕಿಟಕಿಯಿಂದ ದೂರ ಇರಲಿ. ಮಗು ಹೊರಗಿನಿಂದ ಹಕ್ಕಿ ನೋಡಲಿ, ಗೂಡಿನೊಳಗೆ ಆಡುವುದು ಬೇಡ. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನಡೆಯುತ್ತಿದ್ದರೆ, ಮೊದಲು ಅವರ ವೈದ್ಯರನ್ನು ಕೇಳಿ.

ಹಿಡಿದ ಹಕ್ಕಿಯನ್ನು ನೇರ ಹಳೆ ಹಕ್ಕಿಗಳ ಜೊತೆ ಸೇರಿಸಬೇಡಿ. ಒಂದು ತಿಂಗಳು ಬೇರೆ ಇಡಿ. ಕೈಯಲ್ಲಿ ಹಿಡಿದು ಎದೆಮೂಳೆ ಮುಟ್ಟಿ ನೋಡಿ. ಕತ್ತಿಯ ಅಂಚಿನಂತೆ ಚೂಪಾಗಿದ್ದರೆ ಹಕ್ಕಿ ಸೊರಗಿದೆ. ಬಾಯಿ ತೆರೆದು ಗಂಟಲು ನೋಡಿ. ಹಳದಿ ಗಿಣ್ಣಿನಂಥ ಗಡ್ಡೆ ಕಂಡರೆ ಅದು ಕ್ಯಾಂಕರ್, ಟ್ರೈಕೊಮೊನಾಸ್ ಅನ್ನುವ ಜೀವಿಯಿಂದ ಬರುತ್ತದೆ. ಕತ್ತು ತಿರುಚಿಕೊಂಡು ತಿರುಗುತ್ತಿದ್ದರೆ ಪ್ಯಾರಾಮಿಕ್ಸೊ ವೈರಸ್ ಇರಬಹುದು. ರೆಕ್ಕೆ ಕೆಳಗೆ ಚಪ್ಪಟೆ ನೊಣ ಹರಿದಾಡುತ್ತಿದ್ದರೆ ಅದು ಪಾರಿವಾಳದ ರಕ್ತ ಹೀರುವ ನೊಣ. ಔಷಧಿಯನ್ನು ಹಕ್ಕಿ ನೋಡುವ ವೈದ್ಯರಿಂದಲೇ ತೆಗೆದುಕೊಳ್ಳಿ, ಅಂದಾಜಿನ ಮೇಲೆ ನೀರಿಗೆ ಹಾಕಬೇಡಿ.

ನಾಯಿ ಸತ್ತ ಪಾರಿವಾಳವನ್ನು ತಿನ್ನಲು ಬಿಡಬೇಡಿ. ಸಾಲ್ಮೊನೆಲ್ಲಾ ಬರಬಹುದು.

ವಿಚಿಟಾ ಬಸು

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಮೇಡಂ ಬರೆದದ್ದನ್ನು ಮನೆಯಲ್ಲಿ ಪೂರ್ತಿ ಓದಿ ಹೇಳಿದೆ. ಗೂಡನ್ನು ಹಿತ್ತಲ ಕೊನೆಗೆ, ಬೇಲಿ ಪಕ್ಕ ಕಟ್ಟುವುದು ಅಂತ ತೀರ್ಮಾನ ಆಯಿತು. ಊರಿನ ಕಚೇರಿಯಲ್ಲೂ ವಿಚಾರಿಸಿದೆ, ಅಡ್ಡಿ ಇಲ್ಲ ಅಂದರು.

ಈಗ ನಾಯಿಯ ವಿಷಯ. ಹಕ್ಕಿ ಸಿಕ್ಕ ಮೇಲೆ ಮೈದಾನದಲ್ಲಿ ಹೇಗೆ ಶುರುಮಾಡಲಿ?

ಹುಲ್ಲುಗಾವಲು

ಬಸು, ಇಲ್ಲಿ ನಿಧಾನವಾಗಿ ಹೋಗಿ. ಪಾರಿವಾಳವನ್ನು ಯಾಕೆ ಬಳಸುತ್ತೇವೆ ಅನ್ನುವುದರಲ್ಲೇ ಅರ್ಧ ಪಾಠ ಇದೆ. ಫಾರ್ಮಿನಲ್ಲಿ ಬೆಳೆಸಿದ ಕ್ವೇಲ್ (ಲಾವಕ್ಕಿ) ಅಗ್ಗಕ್ಕೆ ಸಿಗುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಹಕ್ಕಿಗಳಿಗೆ ಸರಿಯಾಗಿ ಹಾರಲು ಬರುವುದಿಲ್ಲ. ಕುಪ್ಪಳಿಸಿ ಬೀಳುತ್ತವೆ, ಮರಿ ಬಾಯಿ ಹಾಕಿ ಹಿಡಿದುಬಿಡುತ್ತದೆ. ಒಂದು ಸಲ ಹಿಡಿದ ಮರಿ ಮುಂದಿನ ಸಲ ನಿಲ್ಲುವುದಿಲ್ಲ, ನುಗ್ಗುತ್ತದೆ. ಕೊಟ್ಟಿಗೆ ಪಾರಿವಾಳ ಬಲವಾಗಿ, ನೆಟ್ಟಗೆ ಮೇಲೆ ಹಾರುತ್ತದೆ. ಯಾವ ನಾಯಿಗೂ ಅದು ಸಿಗುವುದಿಲ್ಲ.

ಲಾಂಚರ್ ಅಂತ ಒಂದು ಸಾಧನ ಇದೆ. ಹಕ್ಕಿಯನ್ನು ಒಳಗೆ ಮಲಗಿಸಿ ಮುಚ್ಚುವುದು, ರಿಮೋಟ್ ಒತ್ತಿದರೆ ಸ್ಪ್ರಿಂಗಿನಿಂದ ತೆರೆದು ಹಕ್ಕಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಬೆಲೆ ಸ್ವಲ್ಪ ಜಾಸ್ತಿ. 1969ರಿಂದ ಇರುವ ನಾವ್ಡಾ (NAVHDA) ಅನ್ನುವ ಬೇಟೆ ನಾಯಿ ಸಂಘದ ಶಾಖೆ ಹತ್ತಿರದಲ್ಲಿದ್ದರೆ ಸೇರಿಕೊಳ್ಳಿ, ಸದಸ್ಯರು ಸಾಧನಗಳನ್ನು ಹಂಚಿಕೊಳ್ಳುತ್ತಾರೆ. ಹದಿನಾರು ತಿಂಗಳೊಳಗಿನ ಮರಿಗಳಿಗೆ ಅಲ್ಲಿ ಸಹಜ ಸಾಮರ್ಥ್ಯ ಪರೀಕ್ಷೆಯೂ ಇದೆ, ನಿಮ್ಮ ಮರಿಗೆ ಸಮಯ ಇದೆ.

ಮೊದಲು ಹಕ್ಕಿ ಇಲ್ಲದೆ ಲಾಂಚರ್ ಸದ್ದನ್ನು ಮರಿಗೆ ಅಭ್ಯಾಸ ಮಾಡಿಸಿ. ದೂರದಿಂದ, ಊಟದ ಸಮಯದಲ್ಲಿ. ಮೂಗಿನ ಹತ್ತಿರವೇ ಅದು ಸಿಡಿದರೆ ಮರಿ ಹಕ್ಕಿಗೇ ಹೆದರಲು ಶುರುಮಾಡುತ್ತದೆ, ಆ ಹೆದರಿಕೆ ಬಿಡಿಸುವುದು ಬಹಳ ಕಷ್ಟ.

ಹಕ್ಕಿ ಇಟ್ಟ ದಿನ ಗಾಳಿ ನೋಡಿ. ಮರಿಯನ್ನು ಗಾಳಿಗೆ ಅಡ್ಡವಾಗಿ ನಡೆಸಿಕೊಂಡು ಬನ್ನಿ. ಇಪ್ಪತ್ತೈದು ಮೂವತ್ತು ಅಡಿ ಹಗ್ಗ ಕತ್ತುಪಟ್ಟಿಗೆ ಕಟ್ಟಿರಲಿ. ನೀವು ಹಕ್ಕಿ ಇಡುವುದನ್ನು ಮರಿ ನೋಡಿರಬಾರದು. ವಾಸನೆಯ ಗೆರೆ ದಾಟುವಾಗ ಅದರ ತಲೆ ಥಟ್ಟನೆ ತಿರುಗುತ್ತದೆ, ಮೈ ಬಿಗಿಯುತ್ತದೆ. ಆ ಕ್ಷಣ ನೀವು ಬಾಯಿ ಬಿಡಬೇಡಿ, ಆಜ್ಞೆ ಕೊಡಬೇಡಿ. ನಿಂತರೆ ನಿಲ್ಲಲಿ. ಒಂದು ಹೆಜ್ಜೆ ಮುಂದಿಟ್ಟರೆ ರಿಮೋಟ್ ಒತ್ತಿ, ಹಕ್ಕಿ ಹಾರಿಹೋಯಿತು. ಬೈಗುಳ ಇಲ್ಲ, ಹಗ್ಗ ಎಳೆದು ಶಿಕ್ಷೆ ಇಲ್ಲ. ತಾನು ಮುಂದೆ ಹೋದದ್ದಕ್ಕೇ ಹಕ್ಕಿ ಹೋಯಿತು ಅಂತ ಮರಿಗೇ ಹೊಳೆಯುತ್ತದೆ. ಕೆಲವು ಹಕ್ಕಿಗಳಾದ ಮೇಲೆ ಅದು ನಿಲ್ಲುವ ಹೊತ್ತು ಉದ್ದ ಆಗುತ್ತಾ ಹೋಗುತ್ತದೆ. ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ನಿಂತ ಮರಿಯನ್ನು ನೋಡುವ ಖುಷಿ ನಿಮಗೂ ಸಿಗಲಿ.

ಒಂದು ಸಲಕ್ಕೆ ಎರಡು ಮೂರು ಹಕ್ಕಿ ಸಾಕು. ಮರಿಗೆ ಇನ್ನೂ ಬೇಕು ಅನಿಸುವಾಗಲೇ ನಿಲ್ಲಿಸಿ.

ಗುಂಡಿನ ಸದ್ದಿಗೆ ಆತುರ ಬೇಡ. ಹಕ್ಕಿಗಳ ಮೇಲೆ ಹುಚ್ಚು ಹತ್ತಿದ ಮೇಲೆ, ಹಾರಿದ ಹಕ್ಕಿಯ ಹಿಂದೆ ಅದು ಓಡುತ್ತಿರುವಾಗ, ದೂರದಲ್ಲಿ ನಿಂತ ಗೆಳೆಯ ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ಸಣ್ಣ ತೋಟೆಯ ಪಿಸ್ತೂಲಿನಿಂದ ಒಂದು ಸದ್ದು ಮಾಡಲಿ. ಮರಿ ಕಿವಿ ಕೂಡ ಅಲ್ಲಾಡಿಸದೆ ಓಡಿದರೆ ಸರಿ. ತಿರುಗಿ ನೋಡಿದರೆ ಇನ್ನೂ ದೂರ ಹೋಗಿ.

ಲಿಂಕನ್ ಗೌಡ

ಲಾಂಚರ್ ಇಲ್ಲದವರು ಹಕ್ಕಿಯ ತಲೆಯನ್ನು ರೆಕ್ಕೆ ಕೆಳಗಿಟ್ಟು ಕೆಲವು ಸಲ ತೂಗಿ ಹುಲ್ಲಲ್ಲಿ ಮಲಗಿಸುತ್ತಾರೆ. ತಲೆ ಸುತ್ತಿ ಸ್ವಲ್ಪ ಹೊತ್ತು ಮಲಗಿರುತ್ತದೆ. ನಾನು ಬಿಟ್ಟಿದ್ದೇನೆ. ಯಾವಾಗ ಏಳುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ, ಮರಿ ನುಗ್ಗಿದರೆ ಹಕ್ಕಿ ಸಿಕ್ಕಿಬೀಳುತ್ತದೆ.

ಬಾಗಲಕೋಟೆ ಹುಡುಗ

ಅಣ್ಣಾವ್ರೇ, ನಮ್ಮ ಮನೆಯಲ್ಲಿ ಮುಧೋಳ ನಾಯಿ ಇದೆ. ಇದೇ ರೀತಿ ಪಾರಿವಾಳದಿಂದ ಕಲಿಸಬಹುದೇನ್ರೀ?

ಹುಲ್ಲುಗಾವಲು

ಬೇಡಪ್ಪ. ಮುಧೋಳ ಕಣ್ಣಿನಿಂದ ನೋಡಿ ಓಡಿ ಹಿಡಿಯುವ ನಾಯಿ. ವಾಸನೆ ಹಿಡಿದು ನಿಲ್ಲುವುದು ಅದರ ರಕ್ತದಲ್ಲಿಲ್ಲ. ಇನ್ನೂ ಮುಖ್ಯ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಹವ್ಯಾಸಕ್ಕೆ ಬೇಟೆ ಆಡುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಛೂ ಬಿಡುವುದೂ ಅಪರಾಧ. ಇಲ್ಲಿ ಬರೆದದ್ದು ಅಮೆರಿಕದ ಮಾತು, ಅಲ್ಲಿ ಮಾಡಲು ಹೋಗಬೇಡಿ. ನಿಮ್ಮ ನಾಯಿಗೆ ಓಡಲು ಬಯಲು ಕೊಡಿ. ಸಾಕುವುದರ ಬಗ್ಗೆ ಏನಾದರೂ ಕೇಳಬೇಕಿದ್ದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ವಿಚಿಟಾ ಬಸು

ಸುದ್ದಿ ಹೇಳಲು ಬಂದೆ. ಬೋನು ಕೆಲಸ ಮಾಡಿತು. ಹಿಡಿದವುಗಳಲ್ಲಿ ಒಂದಕ್ಕೆ ಕಾಲಲ್ಲಿ ಉಂಗುರ ಇತ್ತು, ನಂಬರ್ ಹುಡುಕಿ ಒಡೆಯರಿಗೆ ಫೋನ್ ಮಾಡಿದೆ. ಅವರು ಸಂತೋಷದಿಂದ ಬಂದು ತೆಗೆದುಕೊಂಡು ಹೋದರು. ಉಳಿದವನ್ನು ತಿಂಗಳು ಬೇರೆ ಇಟ್ಟು, ವೈದ್ಯರಿಗೆ ತೋರಿಸಿ, ಮೈದಾನಕ್ಕೆ ತಂದೆವು. ಮರಿ ಮೂರನೇ ಹಕ್ಕಿಗೇ ನಿಂತಿತು!

ಆದರೆ ಹಾರಿಸಿದ ಹಕ್ಕಿಗಳು ನನ್ನ ಗೂಡಿಗೆ ಬರಲೇ ಇಲ್ಲ. ರೈತರು ಫೋನ್ ಮಾಡಿ, 'ನಿನ್ನ ಹಕ್ಕಿಗಳು ಮತ್ತೆ ನಮ್ಮ ಕೊಟ್ಟಿಗೆಯಲ್ಲೇ ಇವೆ' ಅಂದರು. ಎಷ್ಟು ದಿನ ಗೂಡಿನಲ್ಲಿಟ್ಟರೆ ಇಲ್ಲಿಗೆ ಬರುತ್ತವೆ?

ಹುಲ್ಲುಗಾವಲು

ಎಷ್ಟು ದಿನ ಇಟ್ಟರೂ ನಂಬುವ ಹಾಗಿಲ್ಲ. ದೊಡ್ಡ ಹಕ್ಕಿಗೆ ತನ್ನ ಮನೆ ಯಾವುದು ಅಂತ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಪ್ರತಿ ವಾರ ಅವನ್ನೇ ಮತ್ತೆ ಮತ್ತೆ ಹಿಡಿಯುತ್ತಾ ಇರುವುದು ಹಕ್ಕಿಗೂ ಹಿಂಸೆ, ನಿಮಗೂ ವ್ಯರ್ಥ. ಹಿಡಿದ ಹಕ್ಕಿಯನ್ನು ತರಬೇತಿಗೆ ಖರ್ಚು ಮಾಡಬೇಡಿ, ಗೂಡಿನ ತಾಯಿ ತಂದೆ ಮಾಡಿ. ನಾನು ಮೊದಲಿನಿಂದ ಹೇಳಬೇಕು ಅಂತಿದ್ದದ್ದು ಇದೇ.

ಚೆನ್ನಾಗಿರುವ ನಾಲ್ಕೈದು ಜೋಡಿ ಇಟ್ಟುಕೊಳ್ಳಿ. ಅವಕ್ಕೆ ಹಾರಾಡಲು ಜಾಗ ಇರುವ, ಬಿಸಿಲು ಬೀಳುವ, ಜಾಲರಿ ಮುಚ್ಚಿದ ಅಂಗಳ ಇರಬೇಕು. ಅರ್ಧ ಇಂಚಿನ ಜಾಲರಿ ಹಾಕಿ, ಇಲಿ, ಮುಂಗುಸಿಯಂಥ ವೀಸಲ್ ನುಗ್ಗಬಾರದು. ಸ್ನಾನಕ್ಕೆ ತಟ್ಟೆಯಲ್ಲಿ ನೀರು, ಕಾಳಿನ ಜೊತೆ ಸಣ್ಣ ಮರಳುಕಲ್ಲು. ಒಂದು ಹಕ್ಕಿಗೆ ದಿನಕ್ಕೆ ಮೂವತ್ತು ಗ್ರಾಂ ಕಾಳು ಸಾಕು.

ಜೋಡಿ ಕೂಡಿದ ಮೇಲೆ ಎರಡು ಮೊಟ್ಟೆ ಇಡುತ್ತವೆ. ಹದಿನೆಂಟು ದಿನದ ಆಸುಪಾಸಿನಲ್ಲಿ ಮರಿ ಆಗುತ್ತದೆ. ಮೊದಲ ದಿನಗಳಲ್ಲಿ ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಆಗುವ ಹಾಲಿನಂಥ ಆಹಾರವನ್ನೇ ಮರಿಗೆ ಕುಡಿಸುತ್ತವೆ. ತಿಂಗಳ ಹೊತ್ತಿಗೆ ಮರಿ ತಾನೇ ಕಾಳು ತಿನ್ನುತ್ತದೆ. ಈ ಮರಿಗಳಿಗೆ ನಿಮ್ಮ ಗೂಡೇ ಮನೆ. ಗೂಡಿನ ಮಾಡಿನ ಮೇಲೆ ಒಂದು ತಂತಿ ಪಂಜರ ಇಟ್ಟು, ಅದರಲ್ಲಿ ಕೂರಿಸಿ ಸುತ್ತಮುತ್ತ ನೋಡಲು ಬಿಡಿ. ಬೋನಿಗೆ ಹಾಕಿದ ಅದೇ ಬಾಬ್ ಕಡ್ಡಿಗಳನ್ನು ಗೂಡಿನ ಬಾಗಿಲಿಗೂ ಹಾಕಿ, ತಳ್ಳಿಕೊಂಡು ಒಳಗೆ ಬರುವುದನ್ನು ಕಲಿಸಿ. ಸಂಜೆ ಕಾಳು ಹಾಕುವ ಮುಂಚೆ, ಹಸಿದಿರುವಾಗ, ಹೊರಗೆ ಬಿಡಿ. ಡಬ್ಬಿ ಅಲ್ಲಾಡಿಸಿದರೆ ಓಡಿ ಬರುತ್ತವೆ. ಆಮೇಲೆ ಒಂದು ಮೈಲಿ, ಎರಡು ಮೈಲಿ, ಐದು ಮೈಲಿ ದೂರದಿಂದ ಬಿಡುತ್ತಾ ಹೋಗಿ.

ಮೈದಾನದಲ್ಲಿ ಹಾರಿಸಿದ ಹಕ್ಕಿ ನೀವು ಕಾರು ನಿಲ್ಲಿಸುವಷ್ಟರಲ್ಲಿ ಗೂಡಿನ ಮೇಲೆ ಕೂತಿರುತ್ತದೆ. ವರ್ಷಗಟ್ಟಲೆ ಅದೇ ಹಕ್ಕಿಗಳು ಕೆಲಸಕ್ಕೆ ಬರುತ್ತವೆ. ಕೊಟ್ಟಿಗೆಗೆ ಮತ್ತೆ ಬೋನು ಹೊತ್ತುಕೊಂಡು ಹೋಗಬೇಕಾಗಿಲ್ಲ.

ಚಳಿಗಾಲದಲ್ಲಿ ಕೂಪರ್ಸ್ ಹಾಕ್ ಅನ್ನುವ ಗಿಡುಗ ಬರುತ್ತದೆ. ಅದಕ್ಕೆ ಕಾಯ್ದೆಯ ರಕ್ಷಣೆ ಇದೆ, ಏನೂ ಮಾಡುವಂತಿಲ್ಲ. ಅದು ಸುತ್ತುತ್ತಿರುವ ದಿನ ಹಕ್ಕಿ ಬಿಡಬೇಡಿ, ಅಷ್ಟೇ.

ಶಿವಾಜಿನಗರ ಹೋಮರ್

ಬೆಂಗಳೂರಿನಲ್ಲಿ ರೇಸ್ ಹಕ್ಕಿ ಸಾಕುವವನು ನಾನು. ಹುಲ್ಲುಗಾವಲು ಅವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮರಿಯನ್ನು ತೀರಾ ಬೆಳೆದ ಮೇಲೆ ಹೊರಗೆ ಬಿಡಬೇಡಿ. ರೆಕ್ಕೆ ಬಲಿಯುವ ಮುಂಚೆಯೇ ಮಾಡಿನ ಮೇಲೆ ಕೂರಿಸಿದರೆ ಮಾತ್ರ ಜಾಗ ಹಿಡಿಯುತ್ತವೆ. ಬಲಿತ ಮೇಲೆ ಬಿಟ್ಟರೆ ಗಾಬರಿಯಲ್ಲಿ ದೂರ ಹಾರಿಹೋಗುತ್ತವೆ. ಮೊದಲ ದಿನ ಗಾಳಿ ಜೋರಿದ್ದರೆ ಬೇಡ.

ವಿಚಿಟಾ ಬಸು

ಅರ್ಥ ಆಯಿತು. ಕೊನೆಗೊಂದು ಪ್ರಶ್ನೆ. ಜೋಡಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಹಕ್ಕಿಗಳನ್ನು ಏನು ಮಾಡಲಿ? ಹಕ್ಕಿನೋಟ ಮೇಡಂ ಬರೆದ ಮಾತು ತಲೆಯಲ್ಲಿ ಕೂತಿದೆ.

ಹುಲ್ಲುಗಾವಲು

ರೈತರನ್ನೇ ಕೇಳಿ. ಬೇಡ ಅಂದರೆ ಸಂಘದಲ್ಲಿ ಗೂಡು ಇರುವವರಿಗೆ ಕೊಡಿ, ಆದರೆ ಅವರು ಹಕ್ಕಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಹೋಗಿ ನೋಡಿಯೇ ಕೊಡಿ. ಬೇರೆ ಊರಿನಲ್ಲೋ ಪೇಟೆಯಲ್ಲೋ ತಂದು ಬಿಡಬೇಡಿ. ಇನ್ನು ಮುಂದೆ ಬೋನು ಇಡುವುದಿದ್ದರೆ ಎಷ್ಟು ಸಾಕಲು ಆಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ಅಷ್ಟು ಸಿಕ್ಕ ಕೂಡಲೇ ಕಡ್ಡಿ ಮೇಲೆ ಕಟ್ಟಿ.

ಹಕ್ಕಿನೋಟ ಮೈಸೂರು

ಬಸು ಅವರೇ, ಮರಿಗಳಾದ ಮೇಲೆ ಫೋಟೋ ಹಾಕಿ. ನೋಡಲು ಕಾಯುತ್ತಿರುತ್ತೇನೆ.

ವಿಚಿಟಾ ಬಸು

ಖಂಡಿತ ಮೇಡಂ. ಈಗಾಗಲೇ ಒಂದು ಜೋಡಿ ಮೊಟ್ಟೆ ಇಡುವ ಜಾಗಕ್ಕೆ ಕಸಕಡ್ಡಿ ಆಯುತ್ತಿದೆ. ರೈತರು ಎರಡು ಹಕ್ಕಿ ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದಾರೆ, ಉಳಿದವು ನಮ್ಮಲ್ಲೇ ಇರುತ್ತವೆ. ಈ ವಾರಾಂತ್ಯ ಗೂಡನ್ನು ಇನ್ನೂ ನಾಲ್ಕು ಅಡಿ ಉದ್ದ ಮಾಡುತ್ತಿದ್ದೇನೆ.